ನಿಮ್ಮ ತೂಕ ಎಷ್ಟು ಸರ್?

ಆಫೀಸಿನವರ ಜೊತೆ ಗೋವಾಕ್ಕೆ ಹೋಗಿದ್ದಾಗ ವಿಂಡ್‌ಸರ್ಫಿಂಗ್ ಒಂದು ಕೈ ನೋಡೇಬಿಡೋಣ ಅಂತ ಹೊರಟೆ. ಕಲಿಸುವ ಹುಡುಗ ಕೇಳಿದ ಮೊದಲ ಪ್ರಶ್ನೆ, "ನಿಮ್ಮ ತೂಕ ಎಷ್ಟು ಸರ್?" ಸುತ್ತ ಟೀಮಿನವರು ಹತ್ತು ಜನ ನಿಂತಿದ್ರು. ನಾನು 70 ಅಂದೆ. ನಿಜವಾದ ತೂಕ 78.

ಎಂಟು ಕೆಜಿ ಸುಳ್ಳಿನಿಂದ ಯಾರ ಗಂಟೇನು ಹೋಗುತ್ತೆ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ.

ವಿಂಡ್‌ಸರ್ಫಿಂಗ್ ಅಂದ್ರೆ ಒಂದು ಹಲಗೆ, ಅದರ ಮೇಲೆ ಎತ್ತ ಬೇಕಾದರೂ ವಾಲುವ ಒಂದು ಕಂಬ, ಕಂಬಕ್ಕೊಂದು ಪಟ. ಪಟ ಹಿಡಿದು ಹಲಗೆ ಮೇಲೆ ನಿಂತರೆ ಗಾಳಿ ಎಳೆದುಕೊಂಡು ಹೋಗುತ್ತೆ. ಬೋರ್ಡಿನ ಉದ್ದ ಅಗಲಕ್ಕಿಂತ ಮುಖ್ಯವಾಗಿ ನೋಡೋದು ಅದು ಎಷ್ಟು ಲೀಟರಿನದು ಅಂತ. ಕಾರಣ ಹೈಸ್ಕೂಲಿನಲ್ಲಿ ಓದಿ ಮರೆತ ಆರ್ಕಿಮಿಡೀಸ್. ಒಂದು ಲೀಟರ್ ನೀರನ್ನ ಪಕ್ಕಕ್ಕೆ ತಳ್ಳಿದರೆ ಅದು ಸುಮಾರು ಒಂದು ಕೆಜಿ ಹೊರುತ್ತೆ. ಉಪ್ಪುನೀರಾದರೆ ಇನ್ನೊಂಚೂರು ಜಾಸ್ತಿ.

ಹುಡುಗ ನನಗೆ ಅಂತ ಎಳೆದು ತಂದಿದ್ದು 200 ಲೀಟರಿನ ಬೋರ್ಡು. ಬಾಗಿಲಿನಷ್ಟು ಅಗಲ. ನನ್ನ ಕಣ್ಣು ಇದ್ದದ್ದು ಪಕ್ಕದಲ್ಲಿದ್ದ 105 ಲೀಟರಿನ ತೆಳ್ಳನೆಯ ಬೋರ್ಡಿನ ಮೇಲೆ. ಅವನು ಮರಳಿನಲ್ಲೇ ಕೂತು ಲೆಕ್ಕ ಹೇಳಿದ. ಬೋರ್ಡಿನದೇ ತೂಕ 8 ಕೆಜಿ, ಪಟ ಕಂಬ ಸೇರಿ 9, ನೀವು 70. ಒಟ್ಟು 87. ನಿಮಗೆ ಉಳಿಯೋದು 18 ಲೀಟರ್. ಮೊದಲನೇ ಸಲ ನಿಲ್ಲೋರಿಗೆ ತಮ್ಮ ತೂಕದ ಮೇಲೆ 80, 100 ಲೀಟರ್ ಹೆಚ್ಚಿಗೆ ಇರಬೇಕು. ಆ ಹೆಚ್ಚಿಗೆ ಇರೋದು ತೇಲೋದಕ್ಕಲ್ಲ ಸರ್, ಬಿದ್ದ ಮೇಲೆ ಮತ್ತೆ ಹತ್ತೋದಕ್ಕೆ.

ನಾನು 105 ಅನ್ನೇ ತಗೊಂಡೆ. ನನ್ನ ಸುಳ್ಳು ಕಳೆದರೆ ಉಳಿದಿದ್ದು 18 ಅಲ್ಲ, 10.

ಮಧ್ಯಾಹ್ನ ಆಗ್ತಿದ್ದ ಹಾಗೆ ಸಮುದ್ರದ ಗಾಳಿ ಏರಿತು. ಗಾಳಿಯ ವೇಗ ಎರಡರಷ್ಟಾದರೆ ಪಟದ ಮೇಲೆ ಅದರ ಬಲ ನಾಲ್ಕರಷ್ಟಾಗುತ್ತೆ. ನುರಿತವರು ಗಾಳಿ ಜೋರಾದಾಗ ಚಿಕ್ಕ ಪಟ, ಚಿಕ್ಕ ಬೋರ್ಡು ಹಿಡಿಯೋದು ಅದಕ್ಕೇ. ಆ ಗಾಳಿಗೆ ದೊಡ್ಡ ಬೋರ್ಡು ಎಗರಾಡುತ್ತೆ, ಮಾತು ಕೇಳಲ್ಲ. ಅವರ ಕೆಲವು ಬೋರ್ಡುಗಳು ಅವರ ತೂಕವನ್ನೂ ಹೊರುವಷ್ಟಿರಲ್ಲ. ಓಡ್ತಾ ಇರೋತನಕ ಮಾತ್ರ ತೇಲುತ್ತವೆ. ಗಾಳಿ ನಿಂತಿತು ಅಂದ್ರೆ ಸವಾರನ ಸಮೇತ ಮುಳುಗುತ್ತವೆ. ದಡದಲ್ಲಿ ನಿಂತು ನೋಡೋರಿಗೆ ಕಾಣೋದು ಸವಾರನ ಚಾಕಚಕ್ಯತೆ ಮಾತ್ರ. ಗಾಳಿ ಯಾರ ಕಣ್ಣಿಗೂ ಕಾಣಲ್ಲ.

ನಾನು ಎಷ್ಟು ಸಲ ಬಿದ್ದೆ ಅಂತ ಲೆಕ್ಕ ಇಡಲಿಲ್ಲ. ನೆನಪಿರೋದು ಒಂದೇ. ಪ್ರತಿ ಸಲ ಬಿದ್ದಾಗಲೂ ಬೋರ್ಡು ಹತ್ತೋದಕ್ಕೆ ಮೊದಲಿಗಿಂತ ಜಾಸ್ತಿ ಹೊತ್ತು ಬೇಕಾಗ್ತಿತ್ತು. ಕೊನೆಗೆ ಗಾಳಿ ಪಕ್ಕಕ್ಕೆ ತಳ್ಳಿಕೊಂಡು ಹೋಯಿತು. ದೊಡ್ಡ ಬೋರ್ಡಿನ ತಳದಲ್ಲಿ ಹಾಗೆ ಜಾರದಂತೆ ತಡೆಯೋ ಒಂದು ಪಟ್ಟಿ ಇರುತ್ತೆ, ಇದರಲ್ಲಿ ಇರಲಿಲ್ಲ. ಅಷ್ಟರಲ್ಲಿ ಆ ಹುಡುಗ ದೋಣಿ ತಂದು ನಿಲ್ಲಿಸಿದ್ದ. ಒಂದು ಮಾತೂ ಆಡಲಿಲ್ಲ. ನನ್ನನ್ನ ಹತ್ತಿಸಿಕೊಂಡ.

ದೋಣಿಯಲ್ಲಿ ಕೂತಾಗ ನನಗೆ ನೆನಪಾಗಿದ್ದು ಕುಣಿಗಲ್ ಕಡೆಯ ಒಬ್ಬ ಹುಡುಗ.

ಹಿಂದಿನ ವರ್ಷ ನನ್ನ ಟೀಮಿಗೆ ಸೇರಿದ್ದ. ಅವರ ಮನೆಯಲ್ಲಿ ಆಫೀಸ್ ಕೆಲಸಕ್ಕೆ ಅಂತ ಬಂದವನು ಅವನೇ ಮೊದಲು. ಚುರುಕಾಗಿದ್ದ. ನಾಲ್ಕೇ ತಿಂಗಳಿಗೆ ಅಮೆರಿಕದ ಕ್ಲೈಂಟ್ ಜೊತೆಗಿನ ರಾತ್ರಿ ಕಾಲ್‌ಗಳನ್ನ ಅವನೊಬ್ಬನಿಗೇ ವಹಿಸಿದೆ. "ನೀರಿಗೆ ಬಿದ್ರೇನೇ ಈಜು ಬರೋದು ಕಣೋ, ನಾನೂ ಹೀಗೇ ಕಲಿತಿದ್ದು" ಅಂದೆ. ತಲೆ ಆಡಿಸಿದ. ಎರಡು ಸಲ ಎಡವಿದ, ಮೂರನೇ ಸಲ ಕ್ಲೈಂಟ್ ನನಗೇ ಮೇಲ್ ಹಾಕಿದ. ಅಪ್ರೈಸಲ್‌ನಲ್ಲಿ ನಾನು ಬರೆದೆ: ಒತ್ತಡ ತಡೆಯುವ ಶಕ್ತಿ ಕಡಿಮೆ. ತಿಂಗಳಾಗೋದರಲ್ಲಿ ಅವನು ಕೆಲಸ ಬಿಟ್ಟ.

ನಾನು ಹೇಳಿದ್ದು ಸುಳ್ಳಾಗಿತ್ತು. ಯಾಕೆ ಅಂತ ಹೇಳ್ತೀನಿ.

ನಾನು ಈಜು ಕಲಿತಿದ್ದು ಗುಬ್ಬಿ ಹತ್ತಿರ ಸೋದರಮಾವನ ತೋಟದ ಬಾವಿಯಲ್ಲಿ. ಮಾವ ನನ್ನನ್ನ ಎತ್ತಿ ನೀರಿಗೆ ಹಾಕಿದ್ದು ನಿಜ. ಆದರೆ ನನ್ನ ಬೆನ್ನಿಗೆ ಒಣಗಿದ ಬೆಂಡಿನ ತುಂಡುಗಳನ್ನ ಕಟ್ಟಿದ್ದ. ವಾರ ಕಳೆದ ಮೇಲೆ ಒಂದು ತುಂಡು ಬಿಚ್ಚಿದ, ಇನ್ನೊಂದು ವಾರಕ್ಕೆ ಮತ್ತೊಂದು. ಬೇಸಿಗೆ ರಜೆ ಮುಗಿಯೋ ಹೊತ್ತಿಗೆ ಬೆನ್ನ ಮೇಲೆ ಏನೂ ಇರಲಿಲ್ಲ. ಅಷ್ಟು ದಿನವೂ ಮಾವ ಬಾವಿಯ ಮೆಟ್ಟಿಲು ಬಿಟ್ಟು ಕದಲಿರಲಿಲ್ಲ. ವಿಚಿತ್ರ ನೋಡಿ, ನೀರಿಗೆ ಬಿದ್ದಿದ್ದು ನನಗೆ ನೆನಪಿತ್ತು, ಬೆಂಡು ಮರೆತುಹೋಗಿತ್ತು.

ಕೆಲಸದಲ್ಲೂ ಅಷ್ಟೇ. ಮೊದಲ ವರ್ಷ ನಾನೂ ಒಂದು ಪ್ರಾಜೆಕ್ಟನ್ನ ಕೆಡಿಸಿಟ್ಟಿದ್ದೆ. ಒಂದು ತಿಂಗಳು ರಜೆ ಹಾಕಿ ಊರಿಗೆ ಹೋಗಿ ಮಲಗಿದ್ದೆ. ಅಪ್ಪನಿಗೆ ಸರ್ಕಾರಿ ನೌಕರಿ ಇತ್ತು, ಸ್ವಂತ ಮನೆ ಇತ್ತು, ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ನನ್ನ ಸಂಬಳಕ್ಕೆ ಕಾಯ್ತಾ ಇದ್ದೋರು ಯಾರೂ ಇರಲಿಲ್ಲ. ಬಿದ್ದೆ, ಎದ್ದೆ. ಎದ್ದಿದ್ದನ್ನ ನನ್ನ ಧೈರ್ಯದ ಖಾತೆಗೆ ಬರೆದುಕೊಂಡೆ. ಅವನಿಗೆ ಓದಿನ ಸಾಲ ಇತ್ತು, ಅಪ್ಪ ಬೋರ್‌ವೆಲ್‌ಗೆ ಮಾಡಿದ ಸಾಲ ಇತ್ತು, ತಂಗಿಯ ಕಾಲೇಜ್ ಫೀಸ್ ಇತ್ತು. ಅವನು ನಿಂತಿದ್ದು ಓಡ್ತಾ ಇದ್ರೆ ಮಾತ್ರ ತೇಲೋ ಬೋರ್ಡಿನ ಮೇಲೆ. ಒಂದು ತಿಂಗಳ ಸಂಬಳ ನಿಂತಿದ್ರೂ ಮುಳುಗ್ತಿದ್ದ. ಆ ಭಯ ಇಟ್ಟುಕೊಂಡು ರಾತ್ರಿ ಹನ್ನೊಂದಕ್ಕೆ ಇಂಗ್ಲಿಷಿನಲ್ಲಿ ತಡವರಿಸಿದ್ದನ್ನ ನಾನು ಅವನ ಗುಣ ಅಂತ ಬರೆದೆ.

ಎಲ್ಲರಿಗೂ ಒಂದೇ ಕೆಲಸ, ಒಂದೇ ಅಳತೆ, ಅದೇ ನ್ಯಾಯ ಅಲ್ವಾ ಅಂತ ಕೇಳಬಹುದು. ವಿಂಡ್‌ಸರ್ಫಿಂಗ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಿಂದ ಇದೆ. ಅಲ್ಲಿ ಸ್ಪರ್ಧಿಗಳಿಗೆಲ್ಲ ಒಂದೇ ಮಾದರಿಯ ಬೋರ್ಡು. ಆದರೂ ಗಾಳಿ ಕಡಿಮೆ ಇದ್ದರೆ ಹಗುರ ಮೈಯವರಿಗೆ ಅನುಕೂಲ, ಜೋರಾದರೆ ಭಾರ ಮೈಯವರಿಗೆ. ಬೋರ್ಡು ಒಂದೇ ಆದ ಮಾತ್ರಕ್ಕೆ ಎಲ್ಲಾ ಸಮ ಆಗಲ್ಲ. ಪಂದ್ಯದಲ್ಲಿ ಅದು ಇರಲಿ, ಗೆಲ್ಲೋಕೆ ಅಂತಲೇ ಬಂದವರು ಅವರು. ಕೆಲಸಕ್ಕೆ ಸೇರಿದ ಹುಡುಗ ನನ್ನ ಜೊತೆ ಪಂದ್ಯಕ್ಕೆ ಬಂದಿರಲಿಲ್ಲ.

ಇದಕ್ಕೊಂದು ಇನ್ನೊಂದು ಮುಖವೂ ಇದೆ. "ಪಾಪ, ಹಳ್ಳಿ ಹುಡುಗ, ಅವನಿಗೆ ಸಣ್ಣ ಕೆಲಸ ಕೊಡಿ" ಅನ್ನೋರನ್ನ ಪ್ರತಿ ಆಫೀಸಲ್ಲೂ ನೋಡಿದೀನಿ. ಅದು ಕರುಣೆಯ ವೇಷ ಹಾಕಿದ ತಾತ್ಸಾರ. ಗಾಳಿ ಏರಿದ ಮೇಲೂ ಬಾಗಿಲಗಲದ ಬೋರ್ಡಿನ ಮೇಲೇ ಇಟ್ಟರೆ ಅವನು ಕಲಿಯೋದೂ ಇಲ್ಲ, ಕ್ಷೇಮವಾಗಿಯೂ ಇರಲ್ಲ. ಬೆಂಡು ಬಿಚ್ಚದ ಮಾವನೂ ತಪ್ಪು ಮಾಡಿದ ಹಾಗೇ.

ಹಾಗಾದ್ರೆ ಇನ್ನೊಬ್ಬರಿಗೆ ಎಷ್ಟು ದೊಡ್ಡ ಬೋರ್ಡು ಸರಿ ಅಂತ ತೀರ್ಮಾನ ಮಾಡೋರು ಯಾರು? ನನಗೆ ಉತ್ತರ ಸಿಕ್ಕಿದ್ದು ಗೋವಾದ ಆ ಹುಡುಗನಿಂದಲೇ. ಅವನು ನನ್ನನ್ನ ತಡೆಯಲಿಲ್ಲ, ಹುರಿದುಂಬಿಸಲೂ ಇಲ್ಲ. ತೂಕ ಕೇಳಿದ. ಎಷ್ಟು ಉಳಿಯುತ್ತೆ ಅಂತ ಬಿಡಿಸಿ ಹೇಳಿದ. ಆರಿಸೋದನ್ನ ನನಗೇ ಬಿಟ್ಟ. ಬಿಟ್ಟ ಮೇಲೆ ನೆರಳಿಗೆ ಹೋಗಿ ಫೋನ್ ನೋಡ್ತಾ ಕೂರಲಿಲ್ಲ, ದೋಣಿಯಲ್ಲಿ ಕಾದ. ನಾನು ನನ್ನ ಹುಡುಗನಿಗೆ ಇದರಲ್ಲಿ ಒಂದನ್ನೂ ಮಾಡಿರಲಿಲ್ಲ. ಅವನಿಗೆ ಅವಕಾಶ ಕೊಟ್ಟೆ ಅಂತ ಬೇರೆ ಬೀಗಿದ್ದೆ.

ಹೋದ ಆಷಾಢದಲ್ಲಿ ಅವನನ್ನ ನೋಡೋಕೆ ಕುಣಿಗಲ್‌ಗೆ ಹೋದೆ. ಈಗ ಬೇರೆ ಕಂಪನಿಯಲ್ಲಿದಾನೆ, ಚೆನ್ನಾಗಿದಾನೆ. ದೊಡ್ಡಕೆರೆ ಏರಿ ಮೇಲೆ ನಡೆದ್ವಿ. ಆಷಾಢದ ಗಾಳಿ ನಿಮಗೆ ಗೊತ್ತಲ್ಲ, ಮಾತೇ ಕೇಳಿಸ್ತಿರಲಿಲ್ಲ. ನಾನು ಅಪ್ರೈಸಲ್ ವಿಷಯ ಎತ್ತಿ ಕ್ಷಮೆ ಕೇಳಿದೆ. ಅವನು ಸ್ವಲ್ಪ ಹೊತ್ತು ನೀರು ನೋಡ್ತಾ ನಿಂತ.

"ಕೆಲಸ ಕಷ್ಟ ಇತ್ತು ಅಂತ ಬೇಜಾರಿಲ್ಲ ಅಣ್ಣ. ಮನೆ ಕಡೆ ಹೆಂಗೈತೆ ಅಂತ ನೀವು ಒಂದ್ಸಲನಾದ್ರೂ ಕೇಳ್ತೀರಾ ಅಂದ್ಕೊಂಡಿದ್ದೆ."

"ಕೇಳಿದ್ರೆ ಹೇಳ್ತಿದ್ಯಾ?"

ನಕ್ಕ. "ಮೊದಲನೇ ಸಲ ಸುಳ್ಳು ಹೇಳ್ತಿದ್ದೆ. ಎರಡನೇ ಸಲ ಕೇಳಿದ್ರೆ ಹೇಳ್ತಿದ್ದೆ."

ಹತ್ತು ಜನರ ಎದುರು 8 ಕೆಜಿ ಮುಚ್ಚಿಟ್ಟ ನನಗೆ ಇದು ಚೆನ್ನಾಗಿ ಅರ್ಥವಾಯಿತು. ಈಗ ಹೊಸಬರು ಟೀಮಿಗೆ ಬಂದರೆ ನಾನು ಎರಡು ಸಲ ಕೇಳ್ತೀನಿ. ಎರಡನೇ ಸಲ, ಯಾರೂ ಪಕ್ಕದಲ್ಲಿ ಇಲ್ಲದಾಗ.