ಒಂದು ವೋಟಿನ ತೂಕ ಎಷ್ಟು?

ಚುನಾವಣೆ ಡ್ಯೂಟಿ ಮಾಡಿದ ಎಲ್ಲ ಮೇಷ್ಟ್ರುಗಳ ಹತ್ತಿರವೂ ಒಂದೊಂದು ಕಥೆ ಇರುತ್ತೆ. ನನ್ನದು 2004ರದ್ದು. ನಮ್ಮೂರು ಮದ್ದೂರು, ಗುಂಡ್ಲುಪೇಟೆ ತಾಲ್ಲೂಕು. ಆ ಸಲ ನನ್ನನ್ನು ಹಾಕಿದ್ದು ಪಕ್ಕದ ಸಂತೇಮರಹಳ್ಳಿ ಕ್ಷೇತ್ರದ ಒಂದು ಹಳ್ಳಿಯ ಮತಗಟ್ಟೆಗೆ. ಸಾಯಂಕಾಲ ಐದಕ್ಕೆ ಗೇಟು ಹಾಕಿಸಿ, ಸಾಲಿನ ಕೊನೆಯಲ್ಲಿ ನಿಂತವರಿಂದ ಶುರುಮಾಡಿ ಚೀಟಿ ಹಂಚಿದೆವು. ಹತ್ತು ನಿಮಿಷ ಕಳೆದಿರಬೇಕು. ಒಬ್ಬ ಅಜ್ಜಿ ಕೋಲೂರಿಕೊಂಡು ಬಂದಳು. ಕೂಲಿ ಮುಗಿಸಿ ನೇರ ಬಂದಿದ್ದಳೇನೋ, ಸೆರಗಿನ ತುಂಬ ಮಣ್ಣು. ಟೈಮಾಯ್ತು, ಇನ್ನು ಆಗಲ್ಲಮ್ಮ ಅಂದೆ. ಅಜ್ಜಿ ಜಗಳ ಮಾಡಲಿಲ್ಲ. 'ಬುಡಿ ಮೇಸ್ಟ್ರೇ, ಬರೋ ಸಲಕ್ಕ ಬೇಗ್ನೆ ಬತ್ತೀನಿ' ಅಂದು ತಿರುಗಿ ಹೋದಳು.

ಎಣಿಕೆ ಮುಗಿದಾಗ ಆ ಕ್ಷೇತ್ರದ ಫಲಿತಾಂಶ ಇಡೀ ದೇಶಕ್ಕೆ ಸುದ್ದಿಯಾಯಿತು. ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಗೆಲುವಿನ ಅಂತರ ಒಂದೇ ಒಂದು ಮತ. ಅವತ್ತಿನಿಂದ ಯಾರು 'ನನ್ನ ಒಂದು ವೋಟಿಂದ ಏನಾಗುತ್ತೆ' ಅಂದರೂ ಸಂತೇಮರಹಳ್ಳಿಯ ಹೆಸರು ಹೇಳಿ ಬಾಯಿ ಮುಚ್ಚಿಸುತ್ತೇವೆ. ನಾನೂ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅಜ್ಜಿಯ ವಿಷಯ ಮಾತ್ರ ಹೇಳಿರಲಿಲ್ಲ. ಅವಳು ಯಾರಿಗೆ ಒತ್ತುತ್ತಿದ್ದಳೋ ಯಾರಿಗೆ ಗೊತ್ತು. ಅಂತರ ಎರಡಾಗುತ್ತಿತ್ತೋ, ಸಮವಾಗಿ ಚೀಟಿ ಎತ್ತಬೇಕಾಗುತ್ತಿತ್ತೋ. ನಾನು ಕಾನೂನಿನ ಪ್ರಕಾರವೇ ನಡೆದುಕೊಂಡೆ, ತಪ್ಪು ಮಾಡಲಿಲ್ಲ. ಆದರೂ ಅದು ಇನ್ನೂ ನನ್ನನ್ನು ಕಾಡುತ್ತದೆ.

ಅಜ್ಜಿ ಹೇಳಿದ ಆ 'ಬರೋ ಸಲ' ಬರಲೇ ಇಲ್ಲ. 2008ಕ್ಕೆ ಸಂತೇಮರಹಳ್ಳಿ ಅನ್ನೋ ಕ್ಷೇತ್ರವೇ ಇರಲಿಲ್ಲ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿ ಇಟ್ಟುಕೊಂಡು ಗೆರೆಗಳನ್ನು ಹೊಸದಾಗಿ ಎಳೆಯಿತು. ಹೊಸ ಗೆರೆಗಳ ಮೇಲೆ ಮೊದಲು ವಿಧಾನಸಭೆ ಚುನಾವಣೆ ಕಂಡ ರಾಜ್ಯ ನಮ್ಮದೇ. ಚಾಮರಾಜನಗರ ಜಿಲ್ಲೆಯಲ್ಲಿ ಐದಿದ್ದ ವಿಧಾನಸಭಾ ಕ್ಷೇತ್ರ ನಾಲ್ಕಾದವು. ರಾಜ್ಯದ ಒಟ್ಟು ಲೆಕ್ಕ 224 ಹಾಗೇ ಉಳಿಯಿತು, ಬೆಂಗಳೂರು ನಗರ ಜಿಲ್ಲೆಗೆ ಬಂದಿದ್ದು 28. ಅಂದರೆ ಅಲ್ಲಿ ಹೆಚ್ಚಿದ್ದು ಬೇರೆಲ್ಲೋ ಕಡಿಮೆಯಾಗಲೇಬೇಕಿತ್ತು, ಅದರಲ್ಲಿ ಒಂದು ನಮ್ಮದು. ಒಂದು ಮತಕ್ಕೆ ಎಷ್ಟು ಬೆಲೆ ಅಂತ ದೇಶಕ್ಕೇ ಪಾಠ ಹೇಳಿದ ಕ್ಷೇತ್ರ ನಕಾಶೆಯಿಂದ ಅಳಿಸಿಹೋಯಿತು. ಇಂಥ ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಅಂತ ಸಂವಿಧಾನದ 329ನೇ ವಿಧಿ ಹೇಳುತ್ತದೆ. ಸದನದ ಮುಂದೆ ಇಡುತ್ತಾರೆ ನಿಜ, ಆದರೆ ಸದನವೂ ಅದನ್ನು ತಿದ್ದುವಂತಿಲ್ಲ.

ಗೆರೆ ಅಂದರೆ ಏನು ಅಂತ ಮದ್ದೂರಿನವರಿಗೆ ಹೇಳಿಕೊಡಬೇಕಿಲ್ಲ. ನಮ್ಮ ಚೆಕ್‌ಪೋಸ್ಟಿನ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚುತ್ತೆ, ಬೆಳಿಗ್ಗೆ ಆರಕ್ಕೆ ತೆಗೆಯುತ್ತೆ. ಬಂಡೀಪುರದ ಪ್ರಾಣಿಗಳಿಗಾಗಿ 2009ರಲ್ಲಿ ಬಂದ ರಾತ್ರಿ ಸಂಚಾರ ನಿಷೇಧ ಅದು. ಗೇಟಿನ ಈಚೆ ಚಾಮರಾಜನಗರ ಲೋಕಸಭಾ ಕ್ಷೇತ್ರ. ಕಾಡು ದಾಟಿದರೆ ವಯನಾಡು ಕ್ಷೇತ್ರ, ಅದು ಹುಟ್ಟಿದ್ದೂ ಅದೇ 2008ರ ಗೆರೆಯಲ್ಲಿ. ಆಚೆಯ ಸಂಸದರು ರಸ್ತೆ ತೆಗೀಬೇಕು ಅನ್ನುತ್ತಾರೆ, ಈಚೆಯವರು ಬೇಡ ಅನ್ನುತ್ತಾರೆ. ಆನೆ ಎರಡೂ ಕಡೆ ಓಡಾಡುತ್ತೆ, ಅದಕ್ಕೆ ವೋಟಿಲ್ಲ.

ನಮ್ಮ ಕ್ಷೇತ್ರದ ಆಕಾರವನ್ನೇ ನೋಡಿ. ಹೆಸರು ಚಾಮರಾಜನಗರ. ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಹೆಗ್ಗಡದೇವನಕೋಟೆ, ನಂಜನಗೂಡು, ವರುಣ, ತಿ. ನರಸೀಪುರ ನಾಲ್ಕೂ ಮೈಸೂರು ಜಿಲ್ಲೆಯವು. ಉಳಿದ ನಾಲ್ಕು ನಮ್ಮವು. ಕಬಿನಿ ಹಿನ್ನೀರಿನಿಂದ ಮಲೆ ಮಹದೇಶ್ವರ ಬೆಟ್ಟದ ಆಚೆ ತಮಿಳುನಾಡಿನ ಗಡಿವರೆಗೆ ಒಬ್ಬರೇ ಸಂಸದರು. ಬೆಟ್ಟದ ಮೇಲಿನ ಇಂಡಿಗನತ್ತದಲ್ಲಿ 2024ರ ಏಪ್ರಿಲಿನಲ್ಲಿ ಜನ ಮತಯಂತ್ರವನ್ನೇ ಒಡೆದು ಹಾಕಿದರು. ಅದಕ್ಕೆ ಮೊದಲು ಅವರು ಕೇಳಿದ್ದು ರಸ್ತೆ, ನೀರಿನಂಥ ಸೌಕರ್ಯ. ಒಡೆದದ್ದು ತಪ್ಪು. ಆದರೆ ಯಂತ್ರದ ಗುಂಡಿ ಒತ್ತಿದರೆ ದನಿ ಎಲ್ಲಿಗೋ ತಲುಪುತ್ತೆ ಅನ್ನೋ ನಂಬಿಕೆ ಅವರಿಗೆ ಅಷ್ಟೊತ್ತಿಗೆ ಹೊರಟುಹೋಗಿತ್ತು ಅಂತ ಕಾಣುತ್ತೆ.

ಇಷ್ಟನ್ನೆಲ್ಲ ನಾನು 2025ರ ಯುಗಾದಿಗೆ ಬಂದಿದ್ದ ಅಕ್ಕನ ಮಗನ ಹತ್ತಿರ ಹೇಳುತ್ತಿದ್ದೆ. ಅವನಿರೋದು ಬೆಂಗಳೂರಿನ ದಾಸರಹಳ್ಳಿ. ಅದೇ ಸುಮಾರಿಗೆ ಚೆನ್ನೈಯಲ್ಲಿ ದಕ್ಷಿಣದ ಮುಖಂಡರ ಸಭೆ ನಡೆದಿತ್ತು, ನಮ್ಮ ಉಪಮುಖ್ಯಮಂತ್ರಿಯೂ ಹೋಗಿದ್ದರು. ಲೋಕಸಭೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನೋದು ಇವತ್ತಿಗೂ 1971ರ ಜನಸಂಖ್ಯೆಯ ಮೇಲೇ ನಿಂತಿದೆ. 1976ರಲ್ಲಿ 42ನೇ ತಿದ್ದುಪಡಿ ಅದನ್ನು ಹಾಗೇ ನಿಲ್ಲಿಸಿತು. ಆಮೇಲೆ 84ನೇ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿವರೆಗೆ ಮುಂದಕ್ಕೆ ಹಾಕಿತು. ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ನಷ್ಟವಾಗಬಾರದು ಅನ್ನೋದು ಅದರ ಹಿಂದಿನ ಮಾತು. ನಾನು ಹೋಳಿಗೆ ತಿಂತಾ ಜೋರಾಗೇ ಹೇಳಿದೆ: 'ನೋಡಪ್ಪ, ಸರ್ಕಾರ ಹೇಳ್ದಂಗೆ ನಡ್ಕೊಂಡೋರಿಗೇ ಶಿಕ್ಷೆ ಅಂದ್ರೆ ಯಾವ ನ್ಯಾಯ? ಬರೀ ತಲೆ ಎಣಿಸಿದ್ರೆ ಆಯ್ತಾ?'

ಅವನು ತಣ್ಣಗೆ ಕೇಳಿದ. 'ಮಾವ, 2024ರಲ್ಲಿ ನಮ್ಮ ಬೆಂಗಳೂರು ಉತ್ತರದಲ್ಲಿ ಮತದಾರರು 32 ಲಕ್ಷ. ನಿಮ್ಮ ಚಾಮರಾಜನಗರದಲ್ಲಿ ಹದಿನೆಂಟು ಲಕ್ಷದ ಒಳಗೆ. ನಿಮ್ಮ ಒಂದು ವೋಟು ನನ್ನ ಹೆಚ್ಚುಕಡಿಮೆ ಎರಡು ವೋಟಿಗೆ ಸಮ. ನೀವು ನನಗಿಂತ ಏನು ಹೆಚ್ಚು ಮಾಡಿದ್ದೀರಿ? ಬಿಹಾರದ ಅಜ್ಜಿ ಏನು ತಪ್ಪು ಮಾಡಿದ್ದಾಳೆ?'

ಅಜ್ಜಿ ಅನ್ನೋ ಪದ ಅವನು ಸುಮ್ಮನೆ ಬಳಸಿದ್ದು. ನನಗೆ ಹೋಳಿಗೆ ಗಂಟಲಲ್ಲೇ ನಿಂತಿತು.

ಅವನ ಪ್ರಶ್ನೆ ಸುಲಭದ್ದಲ್ಲ. ಸಮಾನ ಸಂಖ್ಯೆಗಾಗಿ ಜನ ಹೋರಾಡಿದ್ದಕ್ಕೆ ಕಾರಣವಿದೆ. ಇಂಗ್ಲೆಂಡಿನ ವಿಲ್ಟ್‌ಷೈರಿನಲ್ಲಿ ಓಲ್ಡ್ ಸಾರಮ್ ಅಂತ ಜನವೇ ಇಲ್ಲದ ಹಾಳು ದಿಬ್ಬವೊಂದಿತ್ತು. ಸಫೋಕಿನಲ್ಲಿ ಡನ್ವಿಚ್ ಅನ್ನೋ ಊರಿನ ಬಹುಭಾಗ ಸಮುದ್ರಕ್ಕೆ ಕುಸಿದುಹೋಗಿತ್ತು. 1832ರ ಸುಧಾರಣೆವರೆಗೂ ಎರಡೂ ಕಡೆಯಿಂದ ತಲಾ ಇಬ್ಬರು ಪಾರ್ಲಿಮೆಂಟಿಗೆ ಹೋಗುತ್ತಿದ್ದರು. ಗಿರಣಿಗಳಿಂದ ತುಂಬಿದ ಮ್ಯಾಂಚೆಸ್ಟರಿಗೆ ಅದರದೇ ಒಬ್ಬ ಸದಸ್ಯನೂ ಇರಲಿಲ್ಲ. ಹಳೇ ಗೆರೆಯನ್ನು ಮುಟ್ಟಬೇಡಿ ಅನ್ನೋರ ಬಾಯಲ್ಲಿ ಯಾವಾಗಲೂ ಪರಂಪರೆಯ ಮಾತು ಇರುತ್ತೆ, ಜೇಬಲ್ಲಿ ಲಾಭ ಇರುತ್ತೆ. ನಾವೂ ಹಾಗೆ ಆಗಿಬಿಟ್ಟಿದ್ದೀವಾ?

ಇನ್ನೊಂದು ಕಡೆಯೂ ಇದೆ. ಲಕ್ಷದ್ವೀಪದ ಮತದಾರರು ಅರವತ್ತು ಸಾವಿರವೂ ಇಲ್ಲ, ಆದರೂ ಅವರಿಗೊಬ್ಬ ಸಂಸದ. ಬ್ರಿಟನ್ನಿನಲ್ಲೂ ಈಗ ಪ್ರತಿ ಕ್ಷೇತ್ರ ಸರಾಸರಿಯ ಶೇ. 5ರ ಆಚೀಚೆಯೊಳಗೇ ಇರಬೇಕು ಅನ್ನೋ ಬಿಗಿ ನಿಯಮ ಇದೆ, ಆರ್ಕ್ನಿ-ಶೆಟ್‌ಲೆಂಡಿನಂಥ ಕೆಲವು ದ್ವೀಪಗಳಿಗೆ ಮಾತ್ರ ರಿಯಾಯಿತಿ. ಇದನ್ನು ಅನ್ಯಾಯ ಅಂತ ನನ್ನ ಅಳಿಯನೂ ಅನ್ನಲ್ಲ. ಯಾಕೆ? ಆ ರಿಯಾಯಿತಿ ಇಲ್ಲದಿದ್ದರೆ ದ್ವೀಪದವರ ದನಿ ದಡದವರ ಗದ್ದಲದಲ್ಲಿ ಕೇಳಿಸೋದೇ ಇಲ್ಲ. ಹಾಗಾದರೆ ಪರೀಕ್ಷೆ ಇದು: ತಕ್ಕಡಿಯಲ್ಲಿ ಹೆಚ್ಚಿಗೆ ಹಾಕಿದ ಕಾಳು ಯಾರ ಮಡಿಲಿಗೆ ಬೀಳುತ್ತೆ? ಇಲ್ಲದೇ ಇದ್ದರೆ ಬಾಯೇ ಇಲ್ಲದವರಿಗೋ, ಈಗಾಗಲೇ ಬಾಯಿ ಇರುವವರಿಗೋ?

ಈ ಪರೀಕ್ಷೆಗೆ ನನ್ನನ್ನೇ ಒಡ್ಡಿಕೊಂಡೆ. ನಮ್ಮ ವೋಟು ಭಾರ ಇದೆ ಸರಿ, ಆ ಭಾರ ಯಾರ ಕೈಯಲ್ಲಿದೆ? ಹತ್ತು ಎಕರೆ ಅರಿಶಿನ ಬೆಳೆಯೋರು, ರಸ್ತೆ ಬದಿ ಚೆಂಡುಹೂವಿನ ಹೊಲ ಇಟ್ಟಿರೋರು, ನನ್ನಂಥ ಪಿಂಚಣಿದಾರರು. ಅಭ್ಯರ್ಥಿ ನಮ್ಮ ಜಗಲಿಗೆ ಬಂದು ಕೂರುತ್ತಾನೆ. ಕಾಡಂಚಿನ ಕಾಲೊನಿಗಳಿಗೆ ಜೀಪು ಹೋಗೋದು ಕೊನೇ ಎರಡು ದಿನ. ಜೇನುಕುರುಬರು, ಸೋಲಿಗರು ಎಂಟು ಕ್ಷೇತ್ರಗಳಿಗೆ ಚದುರಿ ಹಂಚಿಹೋಗಿದ್ದಾರೆ. ಹೆಗ್ಗಡದೇವನಕೋಟೆ ಒಂದು ಪರಿಶಿಷ್ಟ ಪಂಗಡಕ್ಕೆ ಮೀಸಲು, ಅಷ್ಟೇ. ಗೆರೆಯನ್ನು ಎಲ್ಲಿ ಎಳೆದರೂ ಹಾಡಿಯವರು ಅಂಚಿಗೇ ಬೀಳುತ್ತಾರೆ. ಹಿಂದುಳಿದ ಜಿಲ್ಲೆ, ಕಾಡಿನ ಜಿಲ್ಲೆ ಅಂತ ಅವರ ಹೆಸರು ಹೇಳಿ ನಾವು ಸೀಟು ಕೇಳುತ್ತೀವಿ. ಸೀಟು ಸಿಕ್ಕಮೇಲೆ ಅದು ನಮ್ಮದು.

ಹಾಗಂತ ದೆಹಲಿಗೆ ಹೇಳೋ ಮಾತು ಸುಳ್ಳಲ್ಲ. ಒಕ್ಕೂಟ ಅಂದಮೇಲೆ ರಾಜ್ಯಗಳ ನಡುವೆ ಕೊಟ್ಟ ಮಾತಿಗೆ ಬೆಲೆ ಇರಬೇಕು. ಐವತ್ತು ವರ್ಷ ಒಂದು ನೀತಿ ನಡೆಸಿ ಕೊನೆಗೆ ಪಾಲಿಸಿದವರ ದನಿಯನ್ನೇ ತಗ್ಗಿಸಿದರೆ ಅದು ಮಾತಿಗೆ ತಪ್ಪಿದ ಹಾಗೆ. ಆದರೆ ಅದು ಒಪ್ಪಂದದ ವಾದ. ಬಿಹಾರದ ಅಜ್ಜಿಗಿಂತ ನನ್ನ ವೋಟು ಮೇಲು ಅನ್ನೋ ವಾದ ಅಲ್ಲ. ಎರಡನ್ನೂ ಬೆರೆಸಿ ಮಾತಾಡಿದಾಗ ನಾವು ಸೋಲುತ್ತೀವಿ, ಸೋಲಬೇಕಾದ್ದೇ. ಬೆಂಗಳೂರಿನ ಹುಡುಗನ ಮುಂದೆಯಂತೂ ನನ್ನ ಹತ್ತಿರ ಒಪ್ಪಂದವೂ ಇಲ್ಲ. ಮುಂದಿನ ಗೆರೆ ಅವನಿಗೆ ನ್ಯಾಯ ಕೊಡೋದಾದರೆ, ನಮ್ಮಲ್ಲಿ ಇನ್ನೊಂದು ಕ್ಷೇತ್ರ ಅಳಿಸಿದರೂ, ಅದನ್ನು ಅನ್ಯಾಯ ಅಂತ ಕರೆಯೋ ಹಕ್ಕು ನನಗಿಲ್ಲ ಅಂತ ಆ ರಾತ್ರಿ ನನಗೆ ಅನ್ನಿಸಿತು. ಹೇಳೋಕೆ ಕಷ್ಟ, ಆದರೂ ಹೇಳ್ತಿದ್ದೀನಿ.

ಕೇಳಬೇಕಾದದ್ದು ಬೇರೆ. ರಸ್ತೆ, ನೀರು, ಶಾಲೆ, ಆಂಬುಲೆನ್ಸು ವೋಟಿನ ಲೆಕ್ಕದ ಮೇಲೆ ಬರಬಾರದು. ಎಣಿಸೋಕೆ ಎಲ್ಲರೂ ಸಮ, ತಲುಪೋಕೆ ಮಾತ್ರ ದೂರ ಇರೋರು ಮೊದಲು. ಇದು ಬರೀ ಆಸೆಯಲ್ಲ, ದಾರಿ ಕಾನೂನಿನಲ್ಲೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಮೊದಲ ಮಾತು ಗ್ರಾಮಸಭೆಯದು, ಒಂದು ಹಾಡಿ ಕೂಡ ತನ್ನ ಸಭೆ ಕೂರಬಹುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕು ಪಡೆದರು. ಅವರಿಗಾಗಿ ಯಾರೂ ಲೋಕಸಭಾ ಕ್ಷೇತ್ರ ಕೊರೆದು ಕೊಟ್ಟಿರಲಿಲ್ಲ. ತಮ್ಮ ಕಾಡಿನ ನಕಾಶೆಯನ್ನು ತಾವೇ ಬರೆದುಕೊಂಡಿದ್ದರು.

ಮಾರನೇ ದಿನ ಅಳಿಯ ಬೆಂಗಳೂರಿಗೆ ಹೊರಟ. ಬಸ್ಸಿಗೆ ಕಾಯ್ತಾ ಅಜ್ಜಿಯ ಕಥೆಯನ್ನು ಮೊದಲ ಸಲ ಒಬ್ಬರಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ರೂಲ್ಸ್ ಪ್ರಕಾರ ನೀವು ಸರಿ ಅಲ್ವಾ ಮಾವ' ಅಂದ. ಹೌದು, ಸರಿ. ಗೆರೆ ಎಳೆದ ಆಯೋಗವೂ ಸರಿ. ಐದು ಗಂಟೆಗೆ ಗೇಟು ಹಾಕದಿದ್ದರೆ ಚುನಾವಣೆ ಇಲ್ಲ, ಎಲ್ಲೋ ಒಂದು ಕಡೆ ಗೆರೆ ಎಳೆಯದಿದ್ದರೆ ಕ್ಷೇತ್ರ ಇಲ್ಲ. ಆದರೆ ಸರಿಯಾಗಿ ನಡೆದುಕೊಂಡ ಮೇಲೂ ಒಂದು ಬಾಕಿ ಉಳಿಯುತ್ತೆ. ಅವತ್ತು ಸಾಯಂಕಾಲ ಎಲ್ಲ ಮುಗಿದ ಮೇಲೆ ಆ ಅಜ್ಜಿಯ ಮನೆ ಎಲ್ಲಿ, ಯಾಕೆ ತಡವಾಯಿತು, ಕೂಲಿ ಕೊಟ್ಟವರು ಯಾಕೆ ಬೇಗ ಬಿಡಲಿಲ್ಲ ಅಂತ ಕೇಳಬಹುದಿತ್ತು. ಪೆಟ್ಟಿಗೆಗೆ ಅರಗು ಹಾಕಿ, ಸಹಿ ಮಾಡಿ, ಲಾರಿ ಹತ್ತಿದೆ. ನಾನು ಕೇಳಲಿಲ್ಲ.