ಬಹುದು, ಬೇಕು, ಬೇಡ

ಪುಣೆಯ ಹಿಂಜವಡಿಯಲ್ಲಿ ನಮ್ಮ ಆಫೀಸಿನ ಎದುರಿಗೆ ಒಂದು ಚಹಾದ ಟಪರಿ ಇದೆ. ಸಂಜೆ ಅಲ್ಲಿ ಸೇರುವ ಐದಾರು ಜನರಲ್ಲಿ ಮೂವರು ಕನ್ನಡದವರು. ಬೆಳಗಾವಿಯವನೊಬ್ಬ, ಕಲಬುರಗಿಯವಳೊಬ್ಬಳು, ಧಾರವಾಡದ ನಾನು. ಈಚೆಗೆ ನಮ್ಮ ಮಾತೆಲ್ಲ ಕಂಪ್ಯೂಟರಿಗೆ ಮುಂದೆ ಏನು ಬರುತ್ತದೆ ಎಂಬುದರ ಸುತ್ತಲೇ. ಮುಂದಿನ ಅಪ್‌ಡೇಟಿನಲ್ಲಿ ಮೌಸಿನ ಕೆಲಸ ಅರ್ಧ ಕಡಿಮೆಯಾಗಬಹುದು. ಕನ್ನಡದಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ಫೈಲು ತಾನೇ ಹುಡುಕಿಕೊಡಬಹುದು. ನಾವು ಊಟಕ್ಕೆ ಎದ್ದಾಗ ಯಂತ್ರವೇ ಮೇಲ್‌ಗಳಿಗೆ ಉತ್ತರ ಬರೆದಿಡಬಹುದು. ಹಳೆಯ ಲ್ಯಾಪ್‌ಟಾಪಿಗೆ ಇದ್ಯಾವುದೂ ಹಿಡಿಯದೆ ಹೋಗಬಹುದು.

ಈ ಊಹೆಗಳು ಎಷ್ಟು ಸಲ ಸುಳ್ಳಾಗಿವೆ ಎಂಬುದು ನಮಗೆ ಗೊತ್ತು. 2003ರಲ್ಲಿ ಮೈಕ್ರೋಸಾಫ್ಟ್ ಕಂಪನಿ ವಿನ್‌ಎಫ್‌ಎಸ್ ಎಂಬ ಹೊಸ ಕಡತ ವ್ಯವಸ್ಥೆಯನ್ನು ತೋರಿಸಿ ಆಸೆ ಹುಟ್ಟಿಸಿತ್ತು. ಮರುವರ್ಷವೇ ಅದನ್ನು ಮುಂದಿನ ವಿಂಡೋಸ್‌ನಿಂದ ಕೈಬಿಟ್ಟರು. 2015ರಲ್ಲಿ ಅದೇ ಕಂಪನಿಯ ಉದ್ಯೋಗಿಯೊಬ್ಬರು ವಿಂಡೋಸ್ 10 ಕೊನೆಯ ಆವೃತ್ತಿ ಎಂದು ವೇದಿಕೆಯ ಮೇಲೆ ಹೇಳಿದರು. 2021ರಲ್ಲಿ 11 ಬಂತು. ಕಂಪನಿಯ ಒಳಗಿನವರ ಮಾತೇ ಹೀಗಾದರೆ ಟಪರಿಯ ಮುಂದೆ ನಿಂತವರ ಊಹೆ ತಪ್ಪುವುದರಲ್ಲಿ ಆಶ್ಚರ್ಯವಿಲ್ಲ. ಊಹೆ ತಪ್ಪಾದದ್ದು ನನಗೆ ದೊಡ್ಡದಾಗಿ ಕಾಣುವುದಿಲ್ಲ. ಸರಿಯಾದ ಊಹೆಯೊಂದನ್ನು ನಾನು ಹೇಗೆ ಬಳಸಿಕೊಂಡೆ ಎಂಬುದು ಕಾಡುತ್ತಿದೆ.

ಅಪ್ಪ ಹೈಸ್ಕೂಲಿನ ಕನ್ನಡ ಮಾಸ್ತರರು. ನಿವೃತ್ತಿಯಾದ ಮೇಲೆ ನುಡಿ ತಂತ್ರಾಂಶ ಕಲಿತು, ಒಂದೊಂದೇ ಬೆರಳಿನಿಂದ ತಮ್ಮ ಬಾಲ್ಯದ ನೆನಪುಗಳನ್ನು ಟೈಪ್ ಮಾಡುತ್ತಿದ್ದರು. ಮೂರು ವರ್ಷದ ಹಿಂದೆ ದೀಪಾವಳಿಗೆ ಹೋದಾಗ, ಅವರು ಪೇಟೆಗೆ ಹೋಗಿದ್ದ ಹೊತ್ತಿನಲ್ಲಿ, ಅವರ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸ ವ್ಯವಸ್ಥೆ ಹಾಕಿದೆ. ಫೈಲುಗಳನ್ನೆಲ್ಲ ಜೋಪಾನವಾಗಿ ಉಳಿಸಿಕೊಂಡಿದ್ದೆ. ಆದರೆ ಹಳೆಯ ನುಡಿಯ ಬರಹ ಯೂನಿಕೋಡ್ ಅಲ್ಲ, ಅದರ ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಅದನ್ನು ಮರೆತೇ ರಾತ್ರಿ ಬಸ್ಸು ಹತ್ತಿದೆ.

ಅಪ್ಪ ಫೋನಿನಲ್ಲಿ ಏನೂ ಹೇಳಲಿಲ್ಲ. ಫೆಬ್ರವರಿಯಲ್ಲಿ ನಾನೇ ಕೇಳಿದೆ, ಬರೆಯೋದು ಎಲ್ಲಿಗೆ ಬಂತು ಅಂತ. "ಬಿಟ್ಟೆ. ತೆಗದ್ರ ಬರೇ ಗೀಚಿಧಂಗ ಕಾಣತದ. ಮನಸೂ ಹೋತು," ಅಂದರು. ನಾನು ತಡವರಿಸಿ, "ಹೆಂಗಿದ್ರೂ ಮುಂದ ಅದ ಬರೂದಿತ್ತಲ್ಲ ಅಪ್ಪಾ," ಅಂದೆ. ಅವರು ಸಿಟ್ಟಾಗಲಿಲ್ಲ. "ಬರೂದು ಬರ್ಲಿ. ಬದಲಿ ಮಾಡು ಅಂತ ನಿನಗ ಯಾರ ಹೇಳಿದ್ರು ತಮ್ಮಾ?" ಎಂದರು. ಫಾಂಟ್ ಹಾಕಲು ಹತ್ತು ನಿಮಿಷ ಸಾಕಾಯಿತು. ನಿಂತುಹೋದ ಬರವಣಿಗೆ ಮತ್ತೆ ಶುರುವಾಗಲು ಒಂದು ವರ್ಷ ಹಿಡಿಯಿತು.

ಆ ಪ್ರಶ್ನೆಗೆ ಈಗಲೂ ನನ್ನ ಹತ್ತಿರ ಉತ್ತರವಿಲ್ಲ. ನನ್ನ ಊಹೆ ನಿಜವೇ ಆಗಿತ್ತು. ಹಳೆಯ ವ್ಯವಸ್ಥೆಯ ದಿನ ಮುಗಿಯುತ್ತಿತ್ತು. ಆದರೆ ನಾಳೆ ಏನಾಗುತ್ತದೆ ಎಂದು ಗೊತ್ತಿದ್ದ ಮಾತ್ರಕ್ಕೆ ಇವತ್ತು ಇನ್ನೊಬ್ಬರ ವಸ್ತುವಿಗೆ ಕೈಹಾಕುವ ಹಕ್ಕು ಹೇಗೆ ಬರುತ್ತದೆ? ಇರುವ ಸಂಗತಿಯಿಂದ ಇರಬೇಕಾದ ಸಂಗತಿಗೆ ಜನ ಸದ್ದಿಲ್ಲದೆ ದಾಟಿಬಿಡುತ್ತಾರೆ ಎಂದು ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲೇ ಎಚ್ಚರಿಸಿದ್ದ. ನಾನು ಬರಲಿರುವುದರಿಂದ ಬರಬೇಕಾದದ್ದಕ್ಕೆ ದಾಟಿದ್ದೆ. ಕನ್ನಡದಲ್ಲಿ ಇವೆರಡಕ್ಕೆ ಬೇರೆ ಬೇರೆ ಮಾತೇ ಇದೆ: ಬಹುದು, ಬೇಕು. ಜೊತೆಗೆ ಬೇಡ ಎಂಬ ಮೂರನೆಯದೂ ಇದೆ. ಟಪರಿಯಲ್ಲಿ ನಾವು ಮೊದಲನೆಯದನ್ನಷ್ಟೇ ಆಡುತ್ತೇವೆ.

ಮಳೆ ಬರಬಹುದು ಎನ್ನುವ ಹಾಗೆ ಹೊಸ ಫೀಚರ್ ಬರಬಹುದು ಎನ್ನುತ್ತೇವೆ. ಮಳೆಯನ್ನು ಯಾರೂ ತೀರ್ಮಾನಿಸುವುದಿಲ್ಲ. ಫೀಚರನ್ನು ಯಾರೋ ಒಂದು ಕೋಣೆಯಲ್ಲಿ ಕುಳಿತು ತೀರ್ಮಾನಿಸುತ್ತಾರೆ. ಅಂಥ ಕೋಣೆಗಳಲ್ಲಿ ನಾನೇ ಕುಳಿತಿದ್ದೇನೆ. ಹಳೆಯ ಬಟನ್ ತೆಗೆದರೆ ಜನರಿಗೆ ಕಷ್ಟವಾಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ, ರೂಢಿಯಾಗುತ್ತದೆ ಬಿಡಿ ಎಂದು ಹೇಳಿದ್ದೇನೆ. ಅದೂ ಒಂದು ಊಹೆಯೇ.

ಇದಕ್ಕೆ ಎದುರು ವಾದವೂ ಇದೆ, ಗಟ್ಟಿಯಾಗಿಯೇ ಇದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳನ್ನು ಹಿಡಿದು ಒತ್ತೆಹಣ ಕೇಳಿತು. ಬ್ರಿಟನ್ನಿನ ಅನೇಕ ಸರ್ಕಾರಿ ಆಸ್ಪತ್ರೆಗಳ ಕೆಲಸ ಅಸ್ತವ್ಯಸ್ತವಾಯಿತು. ಅದು ನುಗ್ಗಿದ ಕಂಡಿಯನ್ನು ಮುಚ್ಚುವ ಅಪ್‌ಡೇಟ್ ಮಾರ್ಚಿನಲ್ಲೇ ಬಂದಿತ್ತು, ಅನೇಕರು ಹಾಕಿಕೊಂಡಿರಲಿಲ್ಲ ಅಷ್ಟೆ. ನನ್ನ ಉದಾಸೀನ ಪಕ್ಕದವನಿಗೆ ರೋಗ ಹಚ್ಚುವಂತಿದ್ದರೆ, ನನ್ನ ಯಂತ್ರ ನನ್ನಿಷ್ಟ ಎನ್ನುವ ಮಾತು ನಿಲ್ಲುವುದಿಲ್ಲ. ಇದನ್ನು ಒಪ್ಪುತ್ತೇನೆ. ಆದರೆ ಸೋರುವ ಮಾಳಿಗೆಯನ್ನು ರಿಪೇರಿ ಮಾಡುವುದು ಒಂದು, ರಿಪೇರಿಗೆಂದು ಬಂದವರು ಅಡುಗೆಮನೆಯನ್ನು ಹಿತ್ತಲಿಗೆ ಸಾಗಿಸಿ ಹೋಗುವುದು ಇನ್ನೊಂದು. ಎರಡನ್ನೂ ಅಪ್‌ಡೇಟ್ ಎಂಬ ಒಂದೇ ಚೀಲದಲ್ಲಿ ಹಾಕಿ ಕೊಟ್ಟಾಗ ಮೊದಲನೆಯದರ ನ್ಯಾಯ ಎರಡನೆಯದಕ್ಕೂ ಅಂಟಿಕೊಳ್ಳುತ್ತದೆ.

ಬೇಡ ಎಂಬುದಕ್ಕೆ ಬೆಲೆಯಿದೆ ಎಂದು ನನಗೆ ತೋರಿಸಿದ್ದು ರೀಕಾಲ್ ಪ್ರಕರಣ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಈ ಫೀಚರನ್ನು ಪ್ರಕಟಿಸಿತು. ಕೆಲವು ಸೆಕೆಂಡಿಗೊಮ್ಮೆ ಪರದೆಯ ಚಿತ್ರ ತೆಗೆದಿಟ್ಟು, ಹಿಂದೆ ನೋಡಿದ್ದನ್ನೆಲ್ಲ ಹುಡುಕಿಕೊಡುವುದು ಅದರ ಕೆಲಸ. ನನ್ನಂಥ ಮರೆಗುಳಿಗೆ ಉಪಯೋಗದ್ದೇ. ಆದರೆ ಆ ಚಿತ್ರಗಳು ಕಳ್ಳರ ಕೈಗೆ ಸಿಕ್ಕರೆ ಗತಿಯೇನು ಎಂದು ಭದ್ರತಾ ತಜ್ಞರು ದನಿಯೆತ್ತಿದರು. ಜೂನಿನಲ್ಲಿ ಬಿಡುಗಡೆ ಮುಂದೆ ಹೋಯಿತು. 2025ರಲ್ಲಿ ಅದು ಬಂದಾಗ, ಬಳಸುವವರು ತಾವೇ ಒಪ್ಪಿ ಆನ್ ಮಾಡಿದರಷ್ಟೇ ಶುರುವಾಗುವಂತೆ ಮಾಡಿದ್ದರು. ಇದು ಬರುತ್ತದೆಯೋ ಇಲ್ಲವೋ ಎಂದು ಪಣ ಕಟ್ಟುತ್ತ ಕುಳಿತಿದ್ದರೆ ಈ ಬದಲಾವಣೆ ಆಗುತ್ತಿರಲಿಲ್ಲ.

ಬೇಕು ಎಂಬುದರ ಫಲವನ್ನು ಕನ್ನಡದ ನಾವು ದಿನಾ ಉಣ್ಣುತ್ತಿದ್ದೇವೆ. ಕಂಪ್ಯೂಟರಿನಲ್ಲಿ ಕನ್ನಡ ಮುಂದೆಂದಾದರೂ ಬರಬಹುದು ಎಂದು ಕೆ. ಪಿ. ರಾವ್ ಅವರು ಕಾಯಲಿಲ್ಲ, ಕೀಲಿಮಣೆಯ ವಿನ್ಯಾಸವನ್ನೇ ಮಾಡಿದರು. ಶೇಷಾದ್ರಿವಾಸು ಬರಹ ಬರೆದರು, ಕನ್ನಡ ಗಣಕ ಪರಿಷತ್ತು ನುಡಿ ತಂದಿತು. ಅಪ್ಪನ ಬೆರಳಿಗೆ ಅಕ್ಷರ ಸಿಕ್ಕಿದ್ದು ಅದರಿಂದ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಮನೆಬಳಕೆಯವರಿಗೆ ಭದ್ರತಾ ಅಪ್‌ಡೇಟ್‌ಗಳು ಇನ್ನೊಂದು ವರ್ಷ ಸಿಗುವ ದಾರಿಯಿತ್ತು. ಆ ವಾರ ಅಪ್ಪನಿಗೆ ಫೋನ್ ಮಾಡಿ, ಇರುವ ಸಂಗತಿಯನ್ನೆಲ್ಲ ಹೇಳಿದೆ. ಹಾಗೇ ಬಿಟ್ಟರೆ ಏನು ಅಪಾಯ, ಹೊಸದು ಹಾಕಿದರೆ ಏನೇನು ಜಾಗ ಬದಲಾಗುತ್ತದೆ, ವರ್ಷದ ಮಟ್ಟಿಗೆ ತಡೆಯಲು ಏನು ಮಾಡಬೇಕು. ಆಮೇಲೆ ಕೇಳಿದೆ: "ನಿಮಗ ಏನ ಬೇಕು ಅಪ್ಪಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಕಳ್ಳರು ಬರಧಂಗ ಏನ್ ಮಾಡಬೇಕೋ ಮಾಡು. ಉಳಿದದ್ದು ಹಂಗ ಇರ್ಲಿ. ಮತ್ತ, ಆ ಪಟ್ಟಿಯೊಳಗಿನ ಅಕ್ಷರ ಸಣ್ಣವಪಾ, ದೊಡ್ಡವು ಮಾಡಲಿಕ್ಕೆ ಬರತದೇನು?"

ಬರುತ್ತದೆ. ಸೆಟ್ಟಿಂಗ್ಸ್ ಒಳಗೆ ಅದಕ್ಕೊಂದು ಜಾಗ ವರ್ಷಗಳಿಂದ ಇದೆ. ಇಷ್ಟು ದಿನ ನಾನು ಕೇಳಿರಲಿಲ್ಲ.