ಭಯಕ್ಕೆ ಕೊಡುವ ಮದ್ದು

ನನಗೂ ಕುದುರೆಗೂ ಇರುವ ಸಂಬಂಧ ಪುಸ್ತಕದ ಮೂಲಕ ಬಂದದ್ದು. ಕೀರ್ತಿವರ್ಮ ‘ಗೋವೈದ್ಯ’ವನ್ನು ಬರೆದ, ಅಭಿನವಚಂದ್ರ ‘ಅಶ್ವವೈದ್ಯ’ವನ್ನು ಬರೆದ ಎಂದು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತೇನೆ. ಹುಡುಗರು ಬರೆದುಕೊಳ್ಳುತ್ತಾರೆ. ಅಲ್ಲಿಗೆ ನಮ್ಮ ಅಶ್ವವಿದ್ಯೆ ಮುಗಿಯುತ್ತದೆ. ಹೀಗಿರುವ ನಾನು ಕುದುರೆಯ ಆಸ್ಪತ್ರೆಯ ವಿಷಯ ಬರೆಯಹೊರಟದ್ದಕ್ಕೆ ಕಾರಣ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಆತ ಈಗ ಪಶುವೈದ್ಯ; ಕುದುರೆಗಳ ಚಿಕಿತ್ಸೆಯಲ್ಲೇ ತೊಡಗಿದ್ದಾನೆ. ಈಚೆಗೆ ಮನೆಗೆ ಬಂದಿದ್ದಾಗ, “ನಿನ್ನ ಕೆಲಸದಲ್ಲಿ ತುಂಬ ಕಷ್ಟವಾದದ್ದು ಯಾವುದಪ್ಪ?” ಎಂದು ಕೇಳಿದೆ. ಒದೆಯುವ ಕುದುರೆಯನ್ನು ಹಿಡಿದು ನಿಲ್ಲಿಸುವುದು ಎಂದಾನು ಅಂದುಕೊಂಡಿದ್ದೆ. ಆತ ಕಾಫಿ ಲೋಟ ಕೆಳಗಿಟ್ಟು ಹೇಳಿದ: “ಮದ್ದು ಕೊಡೋದು ಸುಲಭ ಸಾರ್, ಕೊಡದೆ ಇರೋದು ಕಷ್ಟ. ಕುದುರೆ ಏನೂ ಕೇಳೋದಿಲ್ಲ. ಕೇಳೋರು ಯಜಮಾನರು.”

ಈ ಮಾತು ನನಗೆ ನಾಟಿತು. ಏಕೆಂದರೆ ಅಂಥ ಯಜಮಾನನಾಗಿ ನಾನೂ ಒಮ್ಮೆ ನಿಂತವನೇ. ಮಗನ ಪರೀಕ್ಷೆಗೆ ನಾಲ್ಕು ದಿನವಿರುವಾಗ ಅವನಿಗೆ ಜ್ವರ ಬಂತು. ವೈದ್ಯರು ನೋಡಿ, “ಇದು ನೆಗಡಿಯ ಜ್ವರ ಮೇಷ್ಟ್ರೇ, ತಾನಾಗಿಯೇ ಇಳಿಯುತ್ತದೆ, ಆ್ಯಂಟಿಬಯಾಟಿಕ್ ಬೇಡ” ಎಂದರು. ನಾನು ಬಿಡಲಿಲ್ಲ. ಪರೀಕ್ಷೆಯ ಮಾತೆತ್ತಿದೆ, ಅವನ ತಾಯಿಯ ಕಣ್ಣೀರಿನ ಮಾತೆತ್ತಿದೆ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಅವರು ನಿಟ್ಟುಸಿರಿಟ್ಟು ಚೀಟಿ ಬರೆದರು. ಮೂರನೆಯ ದಿನ ಜ್ವರ ಇಳಿಯಿತು. ಅದು ಇಳಿಯಬೇಕಾಗಿದ್ದ ದಿನವೂ ಅದೇ. ಆದರೆ ಮಾತ್ರೆ ಮಗನನ್ನು ಕಾಪಾಡಿತೆಂದು ನಾನು ಬಹುಕಾಲ ಹೇಳಿಕೊಂಡು ತಿರುಗಿದೆ.

ವಿದ್ಯಾರ್ಥಿ ಹೇಳಿದ್ದನ್ನು ಹಿಡಿದು ಮುಂದೆ ಓದುತ್ತ ಹೋದಾಗ ಅಮೆರಿಕದ ಕೆಂಟಕಿಯ ಒಂದು ವೃತ್ತಾಂತ ಸಿಕ್ಕಿತು. ಕೆಂಟಕಿ ಪಂದ್ಯದ ಕುದುರೆಗಳ ಸೀಮೆ. ಅಲ್ಲಿಯ ಮರಿಗಳನ್ನು ಕಾಡುವ ಒಂದು ನ್ಯುಮೋನಿಯಾ ಉಂಟು. ಅದರ ರೋಗಾಣುವಿನ ಹೆಸರು ರೋಡೊಕಾಕಸ್ ಈಕ್ವೈ. ಮಣ್ಣಿನಲ್ಲಿರುವ ಈ ಜೀವಿ ಧೂಳಿನೊಡನೆ ಮರಿಯ ಶ್ವಾಸಕೋಶವನ್ನು ಸೇರಿ ಕೀವುಗಂಟುಗಳನ್ನು ಕಟ್ಟುತ್ತದೆ. ಎರಿತ್ರೊಮೈಸಿನ್ ಜಾತಿಯ ಒಂದು ಔಷಧವನ್ನು ರಿಫಾಂಪಿನ್ ಜೊತೆಗೆ ಕೊಟ್ಟು ವೈದ್ಯರು ಎಷ್ಟೋ ಮರಿಗಳನ್ನು ಉಳಿಸಿದ್ದಾರೆ. ಆಮೇಲೆ ಅಲ್ಟ್ರಾಸೌಂಡ್ ಬಂತು. ಕೆಮ್ಮದ, ಜ್ವರವಿಲ್ಲದ, ತಾಯಿಯ ಹಿಂದೆ ಕುಣಿಯುವ ಮರಿಯ ಎದೆಯನ್ನೂ ಪರೀಕ್ಷಿಸಿ, ಒಳಗೆ ಸಣ್ಣ ಗಂಟು ಕಂಡರೆ ಮದ್ದು ಶುರುಮಾಡುವ ಪದ್ಧತಿ ಬೆಳೆಯಿತು. ಮುಂಜಾಗ್ರತೆಯಲ್ಲವೆ? ಯಾರು ತಾನೆ ಬೇಡವೆಂದಾರು? ಆದರೆ 2013ರಲ್ಲಿ ಪ್ರಕಟವಾದ ಒಂದು ವರದಿ ಇದರ ಇನ್ನೊಂದು ಮುಖವನ್ನು ತೋರಿಸಿತು. ಇಂಥ ಸಾಮೂಹಿಕ ಚಿಕಿತ್ಸೆ ನಡೆದ ಒಂದು ಸಾಕಣೆ ಕೇಂದ್ರದಲ್ಲಿ ಆ ಎರಡು ಔಷಧಗಳಿಗೂ ಬಗ್ಗದ ರೋಗಾಣು ತಲೆಯೆತ್ತಿತ್ತು. ಇತ್ತ ಜರ್ಮನಿಯಲ್ಲಿ ನಡೆದ ಅಧ್ಯಯನಗಳಲ್ಲಿ, ಸಣ್ಣ ಗಂಟುಗಳಿದ್ದ ಮರಿಗಳಲ್ಲಿ ಬಹಳಷ್ಟು ಯಾವ ಆ್ಯಂಟಿಬಯಾಟಿಕ್ಕೂ ಇಲ್ಲದೆ ಚೇತರಿಸಿಕೊಂಡವು. ಬೇಕಿಲ್ಲದ ಮರಿಗೆ ಕೊಟ್ಟ ಮದ್ದು, ಬೇಕಾದ ಮರಿಗೆ ಇಲ್ಲದಂತಾಯಿತು.

ಇದು ಹೇಗಾಗುತ್ತದೆ ಎಂಬುದು ಕಠಿಣವಾದ ಶಾಸ್ತ್ರವೇನಲ್ಲ. ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಲ್ಲಿ ಯಾವುದೋ ಒಂದು ಮದ್ದನ್ನು ತಡೆದುಕೊಳ್ಳುವ ಗುಣವನ್ನು ಪಡೆದಿರುತ್ತದೆ. ಮದ್ದು ಉಳಿದವನ್ನು ಕೊಂದು ಅದಕ್ಕೆ ಜಾಗ ಮಾಡಿಕೊಡುತ್ತದೆ. ಕಳೆಯನ್ನು ಬಿಟ್ಟು ಪೈರನ್ನು ಕಿತ್ತ ಹೊಲದಂತೆ, ಮುಂದಿನ ಬೆಳೆಯೆಲ್ಲ ಅದರದೇ.

ಇನ್ನೊಂದು ಪ್ರಸಂಗ ಸ್ವೀಡನ್ನಿನದು. ಓದಿದಾಗ ನನಗೆ ಕಥೆಯೆಂದೇ ತೋರಿತು. ಕುದುರೆಯ ಹುಲ್ಲು ಜೀರ್ಣವಾಗುವುದು ಅದರ ದೊಡ್ಡ ಕರುಳಿನಲ್ಲಿ ವಾಸಮಾಡುವ ಸೂಕ್ಷ್ಮಜೀವಿಗಳಿಂದ. ಆ ಒಕ್ಕಲು ಕದಡಿದರೆ ಪ್ರಾಣಕ್ಕೇ ಅಪಾಯ. ಎರಿತ್ರೊಮೈಸಿನ್ ಪಡೆಯುತ್ತಿದ್ದ ಮರಿಗಳು ಗುಣವಾಗುತ್ತಿರುವಾಗ, ಪಕ್ಕದಲ್ಲಿ ನಿಂತಿದ್ದ ಅವುಗಳ ತಾಯಂದಿರು ಭೀಕರವಾದ ಭೇದಿಗೆ ತುತ್ತಾದದ್ದನ್ನು ಅಲ್ಲಿಯ ವೈದ್ಯರು 1990ರ ದಶಕದಲ್ಲಿ ಗಮನಿಸಿದರು. ಮರಿಯ ಲದ್ದಿಯಲ್ಲಿ ಉಳಿದಿದ್ದ ಮದ್ದಿನ ಅಂಶ ತಾಯಿಯ ಹೊಟ್ಟೆ ಸೇರಿ ಅಲ್ಲಿಯ ಒಕ್ಕಲನ್ನು ಕದಡಿರಬೇಕೆಂದು ಅವರು ಕಂಡುಕೊಂಡರು. ಕೊಟ್ಟದ್ದು ಒಬ್ಬರಿಗೆ, ತಟ್ಟಿದ್ದು ಇನ್ನೊಬ್ಬರಿಗೆ.

ಆಸ್ಪತ್ರೆಯಲ್ಲಂತೂ ಈ ‘ಇನ್ನೊಬ್ಬರು’ ಹೆಚ್ಚು. ರೋಗಿಗಳು ಒತ್ತಾಗಿರುತ್ತವೆ, ಮದ್ದೂ ಹೇರಳ, ಒಂದೇ ಕೈ ಹತ್ತು ಮೈಗಳನ್ನು ಮುಟ್ಟುತ್ತದೆ. 2000ದ ನಂತರದ ವರ್ಷಗಳಲ್ಲಿ ಕೆನಡಾದ ಒಂಟಾರಿಯೊದಲ್ಲಿ ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ಸಿನ ಒಂದೇ ತಳಿ ಕುದುರೆಗಳ ಮೂಗಿನಲ್ಲೂ ಅವುಗಳನ್ನು ನೋಡಿಕೊಳ್ಳುವವರ ಮೂಗಿನಲ್ಲೂ ಸಿಕ್ಕಿತು. 2004ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಹೆಸರಾಂತ ಪಶುವೈದ್ಯ ಕೇಂದ್ರವಾದ ನ್ಯೂ ಬೋಲ್ಟನ್ನಿನಲ್ಲಿ ಹಲವು ಔಷಧಗಳಿಗೆ ಬಗ್ಗದ ಸಾಲ್ಮೊನೆಲ್ಲ ಹಬ್ಬಿ, ದೊಡ್ಡ ಪ್ರಾಣಿಗಳ ಆಸ್ಪತ್ರೆ ಬಾಗಿಲು ಮುಚ್ಚಿ ತನ್ನನ್ನೇ ಶುದ್ಧಿಮಾಡಿಕೊಳ್ಳಬೇಕಾಯಿತು.

ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಇದನ್ನು ಮೊದಲೇ ಕಂಡಿದ್ದರು. 1945ರಲ್ಲಿ ನೊಬೆಲ್ ಪುರಸ್ಕಾರದ ಭಾಷಣದಲ್ಲಿ ಅವರು ಒಂದು ಕಲ್ಪಿತ ಕಥೆ ಹೇಳಿದರು. ಗಂಟಲುನೋವು ಬಂದವನೊಬ್ಬ ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟು ಸೇವಿಸುತ್ತಾನೆ. ಬದುಕುಳಿದು ಬಲಿತ ರೋಗಾಣು ಹೆಂಡತಿಗೆ ಅಂಟುತ್ತದೆ. ಆಕೆಗೆ ಪೆನಿಸಿಲಿನ್ ಕೆಲಸಮಾಡದೆ ಆಕೆ ಸಾಯುತ್ತಾಳೆ. ಆಕೆಯ ಸಾವಿಗೆ ಯಾರು ಹೊಣೆ ಎಂಬುದು ಅವರ ಪ್ರಶ್ನೆ. ವಿಜ್ಞಾನಿಯ ಭಾಷಣದಲ್ಲಿ ಬಂದರೂ ಅದು ಧರ್ಮಜಿಜ್ಞಾಸೆಯ ಪ್ರಶ್ನೆಯೇ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಕಣ್ಣೆದುರು ನರಳುವ ಪ್ರಾಣಿಯನ್ನು ಬಿಟ್ಟು, ಎಂದೋ ಎಲ್ಲೋ ಹುಟ್ಟಲಿರುವ ಇನ್ನೊಂದರ ಚಿಂತೆ ಮಾಡು ಎನ್ನುವುದು ಯಾವ ದಯೆ? ಮುಖವಿಲ್ಲದವರ ಹಿತಕ್ಕಾಗಿ ಮುಖವಿದ್ದವರನ್ನು ಬಲಿಕೊಡುವ ಧರ್ಮ ನನಗೂ ಬೇಡ. ನಿಜವಾಗಿ ಕಾಯಿಲೆ ಬಿದ್ದ ಮರಿಗೆ ಮದ್ದು ಸಿಗಲೇಬೇಕು, ತಡಮಾಡದೆ ಸಿಗಬೇಕು. ಆದರೆ ಮೇಲಿನ ಪ್ರಸಂಗಗಳನ್ನು ಇನ್ನೊಮ್ಮೆ ನೋಡಿ. ಕುಣಿಯುತ್ತಿದ್ದ ಮರಿ ನರಳುತ್ತಿರಲಿಲ್ಲ. ನರಳುತ್ತಿದ್ದದ್ದು ಅದರ ಮೇಲೆ ಹಣವನ್ನೂ ಆಸೆಯನ್ನೂ ಹೂಡಿದ ಮನಸ್ಸು. ನನ್ನ ಮಗನಿಗಿಂತ ಆ ದಿನ ನನಗೇ ಜ್ವರ ಹೆಚ್ಚಿತ್ತು. ಕಾಯಿಲೆ ನಮ್ಮ ಭಯದ್ದು. ಮದ್ದು ನುಂಗಿದವನು ಹುಡುಗ, ನುಂಗಿದ್ದು ಮರಿ. ಇಂದಿನ ರೋಗಿ ಮತ್ತು ನಾಳೆಯ ರೋಗಿ ಇವರ ನಡುವೆ ನಾವು ಕಾಣುವ ಜಗಳದಲ್ಲಿ ಬಹುಪಾಲು ಹೀಗೆ ಹುಟ್ಟಿದ್ದು. ಭಯವನ್ನು ಬೇರೆ ತೆಗೆದಿಟ್ಟರೆ ಇಬ್ಬರ ಹಿತವೂ ಎಷ್ಟೋ ಸಲ ಒಂದೇ ಆಗಿರುತ್ತದೆ.

ಹಾಗೆಂದು ಭಯವನ್ನು ಬೈದರೆ ಅದು ಹೋಗುವುದಿಲ್ಲ. ಅದಕ್ಕೂ ಉಪಚಾರ ಬೇಕು. ಬ್ರಿಟನ್ನಿನ ಕುದುರೆವೈದ್ಯರ ಸಂಘ 2012ರಲ್ಲಿ ಒಂದು ಕ್ರಮ ಹಾಕಿಕೊಟ್ಟಿತು: ಪ್ರತಿಯೊಂದು ಚಿಕಿತ್ಸಾಲಯವೂ ಯಾವ ಕಾಯಿಲೆಗೆ ಯಾವ ಮದ್ದು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು, ಕೆಲವು ಮದ್ದುಗಳನ್ನು ಕಾದಿಟ್ಟು ಅನಿವಾರ್ಯವಾದಾಗ ಮಾತ್ರ ಮುಟ್ಟಬೇಕು. ಶಾಂತವಾದ ಗಳಿಗೆಯಲ್ಲಿ ಮಾಡಿದ ಸಂಕಲ್ಪ ಕಳವಳದ ಗಳಿಗೆಯಲ್ಲಿ ಕೈಹಿಡಿಯುತ್ತದೆ. ಯುರೋಪಿನ ಒಕ್ಕೂಟದಲ್ಲಿ 2022ರ ಜನವರಿಯಿಂದ ಜಾರಿಗೆ ಬಂದ ಕಾನೂನು, ಲಾಯದ ಕೊಳಕನ್ನು ಆ್ಯಂಟಿಬಯಾಟಿಕ್ಕಿನಿಂದ ಮುಚ್ಚಿಹಾಕುವಂತಿಲ್ಲ ಎನ್ನುತ್ತದೆ. ಕೈ ತೊಳೆಯುವುದು, ರೋಗಿಯನ್ನು ಬೇರೆ ಕಟ್ಟುವುದು, ರೋಗಾಣುವನ್ನು ಪರೀಕ್ಷಿಸಿ ಮದ್ದು ಆರಿಸುವುದು, ರಾತ್ರಿ ಎರಡು ಸಲ ಎದ್ದು ನೋಡುವುದು: ಇವೂ ಚಿಕಿತ್ಸೆಯೇ. ಸೂಜಿ ಚುಚ್ಚಿ ಮನೆಗೆ ಹೋಗುವುದಕ್ಕಿಂತ ಇವುಗಳ ಶ್ರಮ ಹೆಚ್ಚು.

ಹೊರಡುವಾಗ ನನ್ನ ವಿದ್ಯಾರ್ಥಿಯನ್ನು ಕೇಳಿದೆ: “ಯಜಮಾನರು ಪಟ್ಟು ಹಿಡಿದಾಗ ಏನು ಮಾಡುತ್ತೀಯಪ್ಪ?” ಆತ ಚಪ್ಪಲಿ ಮೆಟ್ಟುತ್ತ, “ಅವರ ಜೊತೆ ಲಾಯದಲ್ಲಿ ಸ್ವಲ್ಪ ಹೊತ್ತು ನಿಂತಿರ್ತೀನಿ ಸಾರ್” ಎಂದ. “ಬೆಳಿಗ್ಗೆ ಮತ್ತೆ ಬರ್ತೀನಿ ಅಂತ ಹೇಳಿ, ಬರ್ತೀನಿ.”

ಅಂದು ನಮ್ಮ ವೈದ್ಯರು ಹೀಗೆ ಹೇಳಿದ್ದರೆ ನಾನು ಒಪ್ಪುತ್ತಿದ್ದೆನೆ? ಒಪ್ಪುತ್ತಿದ್ದೆನೆಂದು ಹೇಳಿಕೊಳ್ಳಲು ಆಸೆಯಾಗುತ್ತದೆ. ಆದರೆ ಅವರು ಹಾಗೆ ಹೇಳಲು ನಾನು ಪುರಸೊತ್ತು ಕೊಟ್ಟಿರಲಿಲ್ಲ ಎಂಬುದೂ ನೆನಪಾಗುತ್ತದೆ.